ಕೀಲಿ ಇಲ್ಲಿ, ದೀಪ ಅಲ್ಲಿ

ರಾತ್ರಿ ಓದಲು ಲ್ಯಾಪ್‌ಟಾಪಿಗೆ ದೊಡ್ಡ ಮಾನಿಟರ್ ಒಂದನ್ನು ಜೋಡಿಸಿಕೊಂಡಿದ್ದೀರಿ ಎನ್ನೋಣ. ಮನೆಯವರು ಮಲಗಿದ್ದಾರೆ, ಕೋಣೆಯ ದೀಪ ಆರಿಸಿದೆ. ಮಾನಿಟರಿನ ಬೆಳಕು ಕಣ್ಣು ಕುಕ್ಕುತ್ತಿದೆ. ಕೀಲಿಮಣೆಯ ಮೇಲಿನ ಸಾಲಿನಲ್ಲಿ ಸೂರ್ಯನ ಚಿತ್ರವಿರುವ ಕೀಲಿಯನ್ನು ಒತ್ತುತ್ತೀರಿ. ಲ್ಯಾಪ್‌ಟಾಪಿನ ಪರದೆ ಮಂಕಾಗುತ್ತದೆ. ದೊಡ್ಡ ಮಾನಿಟರ್ ಮಾತ್ರ ಹಾಗೆಯೇ ಉರಿಯುತ್ತಿರುತ್ತದೆ. ಏಕೆ ಹೀಗೆ?

ಯಾವುದೂ ಕೆಟ್ಟಿಲ್ಲ. ಕೀಲಿ ತಾನಾಗಿ ದೀಪವನ್ನು ತಗ್ಗಿಸುವುದಿಲ್ಲ. ‘ಬೆಳಕು ಕಡಿಮೆ ಮಾಡು’ ಎಂಬ ಸೂಚನೆಯನ್ನಷ್ಟೇ ಕೊಡುತ್ತದೆ. ಎಲ್‌ಸಿಡಿ ಪರದೆಯ ಹಿಂದೆ ಒಂದು ದೀಪವಿರುತ್ತದೆ. ಲ್ಯಾಪ್‌ಟಾಪಿನ ಪರದೆಯ ಹಿಂದಿನ ದೀಪ ಲ್ಯಾಪ್‌ಟಾಪಿನದೇ ಹತೋಟಿಯಲ್ಲಿದೆ. ಹೊರಗಿನ ಮಾನಿಟರಿಗಾದರೋ ತನ್ನದೇ ವಿದ್ಯುತ್ ಸಂಪರ್ಕ, ತನ್ನದೇ ಗುಂಡಿಗಳು, ಒಳಗೆ ತನ್ನದೇ ಪುಟ್ಟ ಸಂಸ್ಕಾರಕ. ಸೂಚನೆ ಅಲ್ಲಿಗೆ ತಲುಪುವುದೇ ಇಲ್ಲ.

ಹಾಗಾದರೆ ತಲುಪಿಸುವ ದಾರಿ ಇಲ್ಲವೇ? ಇದೆ, ಅದೂ ನೀವು ಜೋಡಿಸಿರುವ ಕೇಬಲಿನ ಒಳಗೇ! ವೆಸಾ ಎಂಬ ಮಾನಕ ಸಂಸ್ಥೆ 1994ರಲ್ಲಿ ಡಿಡಿಸಿ ಎಂಬ ಪದ್ಧತಿಯನ್ನು ರೂಪಿಸಿತು. ಮಾನಿಟರ್ ತಾನು ಯಾವ ಮಾದರಿಯದು, ಯಾವ ಅಳತೆಯ ಚಿತ್ರ ತೋರಿಸಬಲ್ಲೆ ಎಂಬುದನ್ನು ಗಣಕಕ್ಕೆ ತಿಳಿಸುವುದು ಇದರ ಉದ್ದೇಶ. 1998ರಲ್ಲಿ ಬಂದ ಡಿಡಿಸಿ/ಸಿಐ ಎಂಬ ವಿಸ್ತರಣೆಯಿಂದ ಗಣಕವೂ ಮಾನಿಟರಿಗೆ ಆಜ್ಞೆ ಕೊಡುವಂತಾಯಿತು. ಎಚ್‌ಡಿಎಂಐ ಕೇಬಲಿನ 15 ಮತ್ತು 16ನೆಯ ಪಿನ್‌ಗಳು ಇದಕ್ಕೇ ಮೀಸಲು. ಒಂದರಲ್ಲಿ ತಾಳ, ಇನ್ನೊಂದರಲ್ಲಿ ಮಾತು. ಮಾನಿಟರಿನ ಪ್ರತಿ ಗುಣಕ್ಕೂ ಒಂದು ಸಂಖ್ಯೆಯುಂಟು. ಹದಿನಾರರ ಎಣಿಕೆಯಲ್ಲಿ ಹೊಳಪಿನ ಸಂಖ್ಯೆ 10, ಕಾಂಟ್ರಾಸ್ಟಿನದು 12.

ಈಗ ಬೇಕಾದದ್ದು ಕೀಲಿಗೂ ಈ ಆಜ್ಞೆಗೂ ಗಂಟು ಹಾಕುವ ತಂತ್ರಾಂಶ. ಮ್ಯಾಕ್‌ನಲ್ಲಿ ಮಾನಿಟರ್‌ಕಂಟ್ರೋಲ್ ಎಂಬುದು ಹೊಳಪಿನ ಕೀಲಿಗಳನ್ನೇ ಬಳಸಿಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಟ್ವಿಂಕಲ್ ಟ್ರೇ ಹಾಕಿಕೊಂಡು, ನಿಮಗೆ ಅನುಕೂಲವಾದ ಕೀಲಿಗಳನ್ನು ಗೊತ್ತುಮಾಡಬಹುದು. ಲಿನಕ್ಸ್‌ನಲ್ಲಿ ಡಿಡಿಸಿಯುಟಿಲ್ ಎಂಬ ಸಾಧನವಿದೆ. ಅದರ ಆಜ್ಞೆಯನ್ನು ಕೀಲಿಮಣೆಯ ಸೆಟ್ಟಿಂಗ್‌ನಲ್ಲಿ ಒಂದು ಕೀಲಿಗೆ ಜೋಡಿಸಬೇಕು.

ಆದರೂ ಮಾನಿಟರ್ ಓಗೊಡದಿದ್ದರೆ ಎರಡು ಸಂಗತಿ ಪರೀಕ್ಷಿಸಿ. ಮಾನಿಟರಿನ ಮೆನುವಿನಲ್ಲಿ ಡಿಡಿಸಿ/ಸಿಐ ಆನ್ ಆಗಿದೆಯೇ? ಕೇಬಲ್ ನೇರವಾಗಿದೆಯೇ? ನಡುವೆ ಬರುವ ಕೆಲವು ಅಡಾಪ್ಟರುಗಳು ಚಿತ್ರವನ್ನು ದಾಟಿಸುತ್ತವೆ, ಆಜ್ಞೆಯನ್ನು ದಾಟಿಸುವುದಿಲ್ಲ. ಕೀಲಿಯನ್ನು ಒತ್ತಿ ಹಿಡಿದಾಗ ಹೊಳಪು ತಡವರಿಸುತ್ತ ಇಳಿದರೆ ಗಾಬರಿ ಬೇಡ. ಒಂದು ಆಜ್ಞೆಯ ಬಳಿಕ ಇನ್ನೊಂದಕ್ಕೆ 50 ಮಿಲಿಸೆಕೆಂಡಾದರೂ ಬಿಡುವು ಕೊಡಬೇಕೆಂಬುದು ನಿಯಮ.

ಇಲ್ಲೊಂದು ಎಚ್ಚರಿಕೆ. ಕೆಲವು ತಂತ್ರಾಂಶಗಳು ದೀಪವನ್ನು ಮುಟ್ಟದೆ ಚಿತ್ರವನ್ನೇ ಕಪ್ಪಾಗಿಸುತ್ತವೆ. ನೋಡಲು ಮಂಕಾಯಿತೆನಿಸಿದರೂ ಹಿಂದಿನ ದೀಪ ಮೊದಲಿನಷ್ಟೇ ಉರಿಯುತ್ತದೆ. ಬೆಳಕನ್ನು ತಡೆದದ್ದಷ್ಟೇ, ವಿದ್ಯುತ್ ಉಳಿಯುವುದಿಲ್ಲ. ಒಂದೊಂದು ಬಣ್ಣಕ್ಕೂ ಇರುವ 256 ಹಂತಗಳನ್ನು ಅರ್ಧಕ್ಕೆ ಇಳಿಸಿದರೆ ಸುಮಾರು 128 ಮಾತ್ರ ಉಳಿಯುತ್ತವೆ. ಮೋಡದ, ನೆರಳಿನ ನವಿರು ಛಾಯೆಗಳು ಒಂದರಲ್ಲೊಂದು ಸೇರಿಹೋಗುತ್ತವೆ. ಚಿತ್ರ ಸಂಪಾದನೆ ಕಲಿಯುತ್ತಿರುವವರಿಗೆ ಇದು ನಷ್ಟವೇ. ಇಂಥ ಪರದೆಯನ್ನು ನಂಬಿ ಬಣ್ಣ ತಿದ್ದಿದರೆ, ಬೇರೆ ಪರದೆಯಲ್ಲಿ ಆ ಚಿತ್ರ ಅತಿಯಾಗಿ ಬೆಳಗಿರುತ್ತದೆ.

ನಿಮ್ಮದು ಯಾವ ಬಗೆ ಎಂದು ತಿಳಿಯುವುದು ಹೇಗೆ? ಮಾನಿಟರಿನ ಗುಂಡಿ ಒತ್ತಿ ಅದರ ಮೆನು ತೆರೆಯಿರಿ. ಈ ಮೆನುವನ್ನು ಬರೆಯುವುದು ಮಾನಿಟರೇ ಹೊರತು ಗಣಕವಲ್ಲ. ಕೀಲಿಯಿಂದ ಬೆಳಕು ತಗ್ಗಿಸಿದಾಗ ಮೆನುವೂ ಮಂಕಾದರೆ ತಗ್ಗಿದ್ದು ದೀಪ. ಚಿತ್ರ ಮಾತ್ರ ಮಂಕಾಗಿ ಮೆನು ಹೊಳೆಯುತ್ತಲೇ ಇದ್ದರೆ ಕಪ್ಪಾಗಿದ್ದು ಚಿತ್ರ.

ಹೊಳಪು ಎಷ್ಟಿರಬೇಕು? ಕತ್ತಲಲ್ಲಿ ಓದುವುದನ್ನು ಬಿಟ್ಟು ಚಿಕ್ಕದೊಂದು ಮೇಜುದೀಪ ಹಚ್ಚಿಕೊಳ್ಳಿ. ಪರದೆಯ ಪಕ್ಕ ಬಿಳಿ ಹಾಳೆಯೊಂದನ್ನು ಹಿಡಿದು, ಪರದೆಯ ಬಿಳುಪು ಹಾಳೆಯ ಬಿಳುಪಿಗೆ ಹೆಚ್ಚುಕಡಿಮೆ ಸರಿಹೊಂದುವವರೆಗೆ ತಗ್ಗಿಸಿ. ಪರೀಕ್ಷೆಯ ದಿನಗಳಲ್ಲಿ ತಾಸುಗಟ್ಟಲೆ ಪರದೆ ನೋಡುವ ಕಣ್ಣಿಗೆ ಇಷ್ಟಾದರೂ ಉಪಕಾರ ಮಾಡಬಹುದಲ್ಲವೇ?