ಸಮಾನಾಂತರ ರೇಖೆಗಳೂ ಲೋಬಚೆವ್‌ಸ್ಕಿಯೂ

ತ್ರಿಭುಜದ ಮೂರು ಕೋನಗಳ ಮೊತ್ತವು ಎರಡು ಲಂಬಕೋನಗಳಿಗೆ ಸಮವೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಅದನ್ನು ಸಾಧಿಸುವ ಕ್ರಮವೂ ಅವರಿಗೆ ಗೊತ್ತು. ಶಿರೋಬಿಂದುವಿನ ಮೂಲಕ ಪಾದಕ್ಕೆ ಸಮಾನಾಂತರವಾಗಿ ಒಂದು ಸರಳರೇಖೆಯನ್ನೆಳೆದು, ಪರ್ಯಾಯ ಕೋನಗಳು ಪರಸ್ಪರ ಸಮವೆಂದು ತೋರಿಸಿದರೆ ಸಾಕು. ಆದರೆ ಈ ಸಾಧನೆಯ ಬುಡದಲ್ಲಿ ಒಂದು ನಂಬಿಕೆ ಅಡಗಿದೆ. ಒಂದು ರೇಖೆಯ ಹೊರಗಿರುವ ಬಿಂದುವಿನ ಮೂಲಕ ಆ ರೇಖೆಗೆ ಸಮಾನಾಂತರವಾದ ರೇಖೆ ಒಂದೇ ಒಂದು ಇರುವುದೆಂಬುದೇ ಆ ನಂಬಿಕೆ. ಇದನ್ನು ನಾವು ಹೇಗೆ ಬಲ್ಲೆವು?

ಕ್ರಿ. ಪೂ. 300ರ ಸುಮಾರಿನಲ್ಲಿ ರೇಖಾಗಣಿತವನ್ನು ಶಾಸ್ತ್ರವಾಗಿ ಜೋಡಿಸಿದ ಯೂಕ್ಲಿಡನು ಇದಕ್ಕೆ ಸಮನಾದ ಮಾತೊಂದನ್ನು ಸಾಧಿಸಲಿಲ್ಲ. ತನ್ನ ಐದನೆಯ ಆಧಾರ ಪ್ರತಿಜ್ಞೆಯಾಗಿ ಸುಮ್ಮನೆ ಅಂಗೀಕರಿಸಿದನು. ಅವನ ಇತರ ಪ್ರತಿಜ್ಞೆಗಳಷ್ಟು ಇದು ಸರಳವಾಗಿ ತೋರದ ಕಾರಣ, ಅವುಗಳಿಂದಲೇ ಇದನ್ನು ಸಾಧಿಸಲು ಎರಡು ಸಾವಿರ ವರ್ಷಗಳ ಕಾಲ ಗಣಿತಜ್ಞರು ಶ್ರಮಿಸಿದರು. ಗ್ರೀಕರು, ಅರಬರು, ಪಾರಸಿಕರು, ಇಟಲಿಯವರು, ಫ್ರೆಂಚರು ಎಲ್ಲರೂ ಯತ್ನಿಸಿ ಸೋತರು. ಸೋಲಿಗೆ ಕಾರಣ ಬುದ್ಧಿಯ ಕೊರತೆಯಲ್ಲ, ಆ ಸಾಧನೆಯೇ ಅಸಾಧ್ಯ ಎಂದು ಮುದ್ರಿತ ಗ್ರಂಥದಲ್ಲಿ ಮೊದಲು ಸಾರಿದವನು ರಷ್ಯದ ಒಬ್ಬ ವಿಶ್ವವಿದ್ಯಾನಿಲಯದ ಅಧ್ಯಾಪಕ, ನಿಕೊಲಾಯ್ ಇವಾನೊವಿಚ್ ಲೋಬಚೆವ್‌ಸ್ಕಿ.

ಲೋಬಚೆವ್‌ಸ್ಕಿಯು 1792ರಲ್ಲಿ ನಿಜ್ನಿ ನೊವ್‌ಗೊರದ್ ನಗರದಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡನು. ತಾಯಿಯು ಮೂವರು ಗಂಡುಮಕ್ಕಳೊಡನೆ ವೋಲ್ಗಾ ತೀರದ ಕಜಾನಿಗೆ ಬಂದು ನೆಲೆಸಿ, ಬಡತನದಲ್ಲಿಯೂ ಅವರನ್ನು ಸರ್ಕಾರಿ ಶಾಲೆಗೆ ಸೇರಿಸಿದಳು. ಆ ಊರಿನಲ್ಲಿ ಆಗತಾನೇ ಸ್ಥಾಪಿತವಾಗಿದ್ದ ವಿಶ್ವವಿದ್ಯಾನಿಲಯವನ್ನು ಅವನು 1807ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಪ್ರವೇಶಿಸಿದನು. ಅಲ್ಲಿ ಅವನಿಗೆ ಗಣಿತದ ಗುರುವಾಗಿ ದೊರೆತವನು ಜರ್ಮನಿಯಿಂದ ಬಂದ ಬಾರ್ಟೆಲ್ಸ್. ಮಹಾಗಣಿತಜ್ಞ ಗೌಸನಿಗೆ ಬಾಲ್ಯದಲ್ಲಿ ಪಾಠ ಹೇಳಿದವನೂ ಇವನೇ. 1811ರಲ್ಲಿ ಲೋಬಚೆವ್‌ಸ್ಕಿಗೆ ಮಾಸ್ಟರ್ ಪದವಿ ಬಂದಿತು; 1822ರಲ್ಲಿ ಅವನು ಪೂರ್ಣ ಪ್ರಾಧ್ಯಾಪಕನಾದನು. ಗಣಿತವಲ್ಲದೆ ಭೌತಶಾಸ್ತ್ರ, ಖಗೋಳಶಾಸ್ತ್ರಗಳನ್ನೂ ಬೋಧಿಸಿದನು.

ಮೊದಮೊದಲು ಅವನೂ ಎಲ್ಲರಂತೆ ಐದನೆಯ ಪ್ರತಿಜ್ಞೆಯನ್ನು ಸಾಧಿಸಲು ಹೊರಟವನೇ. ಅದು ಸಾಗದಿರಲು ಪ್ರಶ್ನೆಯನ್ನೇ ತಿರುಗಿಸಿದನು. ಹೊರಗಿನ ಬಿಂದುವಿನ ಮೂಲಕ, ಕೊಟ್ಟ ರೇಖೆಯನ್ನು ಎಂದೂ ಸಂಧಿಸದ ರೇಖೆಗಳು ಒಂದಕ್ಕಿಂತ ಹೆಚ್ಚು ಇವೆಯೆಂದೇ ಊಹಿಸಿದರೆ ಏನಾದೀತು? ಈ ಊಹೆಯಿಂದ ಹೆಜ್ಜೆಹೆಜ್ಜೆಯಾಗಿ ತರ್ಕಿಸಿದಾಗ ವಿಚಿತ್ರ ಫಲಗಳು ದೊರೆತುವು. ವಿರೋಧಾಭಾಸ ಮಾತ್ರ ಒಂದೂ ತಲೆದೋರಲಿಲ್ಲ.

ಆ ಫಲಗಳಲ್ಲಿ ಕೆಲವನ್ನು ನೋಡೋಣ. ಈ ಜ್ಯಾಮಿತಿಯಲ್ಲಿ ತ್ರಿಭುಜದ ಕೋನಗಳ ಮೊತ್ತ ಯಾವಾಗಲೂ 180 ಡಿಗ್ರಿಗಿಂತ ಕಡಿಮೆ. ಕೊರತೆ ಎಷ್ಟೆಂಬುದು ತ್ರಿಭುಜದ ವಿಸ್ತೀರ್ಣವನ್ನು ಅನುಸರಿಸುತ್ತದೆ: ವಿಸ್ತೀರ್ಣ ಇಮ್ಮಡಿಸಿದರೆ ಕೊರತೆಯೂ ಇಮ್ಮಡಿಸುತ್ತದೆ. ಆದ್ದರಿಂದ ಒಂದೇ ಆಕಾರದ ಚಿಕ್ಕ ತ್ರಿಭುಜವೂ ದೊಡ್ಡ ತ್ರಿಭುಜವೂ ಇಲ್ಲಿ ಇರಲಾರವು. ಸಮಬಾಹು ತ್ರಿಭುಜದ ಬಾಹು ಬೆಳೆದಂತೆ ಅದರ ಕೋನಗಳು 60 ಡಿಗ್ರಿಯಿಂದ ಕೆಳಗಿಳಿಯುತ್ತ ಹೋಗುತ್ತವೆ. ತ್ರಿಭುಜವು ಬಹು ಚಿಕ್ಕದಾದರೆ ಕೊರತೆ ಕಣ್ಣಿಗೆ ಬೀಳದಷ್ಟು ಸೂಕ್ಷ್ಮವಾಗಿ, ಎಲ್ಲವೂ ಯೂಕ್ಲಿಡನು ಹೇಳಿದಂತೆಯೇ ತೋರುತ್ತದೆ. ಭೂಮಿ ಗುಂಡಗಿದ್ದರೂ ನಮ್ಮ ಹೊಲ ಚಪ್ಪಟೆಯಾಗಿ ಕಾಣುವಂತೆ ಇದು.

1826ರ ಫೆಬ್ರವರಿಯಲ್ಲಿ ಅವನು ತನ್ನ ವಿಚಾರಗಳನ್ನು ಕಜಾನಿನ ಸಹೋದ್ಯೋಗಿಗಳ ಮುಂದಿಟ್ಟನು. ಯಾರೂ ಅಭಿಪ್ರಾಯ ತಿಳಿಸಲಿಲ್ಲ. ಆ ಹಸ್ತಪ್ರತಿಯೂ ಕಳೆದುಹೋಯಿತು. 1829–30ರಲ್ಲಿ ಕಜಾನಿನ ಪತ್ರಿಕೆಯಲ್ಲಿ ಅವನ ಲೇಖನಮಾಲೆ ಅಚ್ಚಾಯಿತು. ಪೀಟರ್ಸ್‌ಬರ್ಗಿನ ವಿಜ್ಞಾನ ಅಕಾಡೆಮಿಯಲ್ಲಿ ಪ್ರಖ್ಯಾತ ಗಣಿತಜ್ಞ ಆಸ್ಟ್ರೊಗ್ರಾಡ್‌ಸ್ಕಿಯು ಅದನ್ನು ಪರಿಶೀಲಿಸಿ, ಗಮನಕ್ಕೆ ಯೋಗ್ಯವಲ್ಲವೆಂದು ತಳ್ಳಿಹಾಕಿದನು. 1834ರಲ್ಲಿ ರಾಜಧಾನಿಯ ಪತ್ರಿಕೆಯೊಂದು ಅವನನ್ನು ಬಹಿರಂಗವಾಗಿ ಅಪಹಾಸ್ಯ ಮಾಡಿತು. ಹಂಗೆರಿಯ ತರುಣ ಸೈನ್ಯಾಧಿಕಾರಿ ಯಾನೋಶ್ ಬೋಯಾಯ್ 1832ರಲ್ಲಿ ಇದೇ ಜ್ಯಾಮಿತಿಯನ್ನು ಸ್ವತಂತ್ರವಾಗಿ ಪ್ರಕಟಿಸಿದ್ದನು. ಆದರೆ ಇವರಿಬ್ಬರಿಗೂ ಪರಸ್ಪರ ಪರಿಚಯವಿರಲಿಲ್ಲ. ಗೌಸನೂ ಬಹುಕಾಲದ ಹಿಂದೆಯೇ ಇಂತಹ ನಿರ್ಣಯಕ್ಕೆ ಬಂದಿದ್ದನಾದರೂ, ಜನರ ಗದ್ದಲಕ್ಕೆ ಅಂಜಿ ಪ್ರಕಟಿಸಿರಲಿಲ್ಲ. ಲೋಬಚೆವ್‌ಸ್ಕಿಯು 1840ರಲ್ಲಿ ಜರ್ಮನ್ ಭಾಷೆಯಲ್ಲಿ ಹೊರತಂದ ಪುಸ್ತಕವನ್ನು ಗೌಸನು ಓದಿ ಮೆಚ್ಚಿದನು. 1842ರಲ್ಲಿ ಗ್ಯಟಿಂಗನ್ ವಿದ್ವತ್ಸಂಘಕ್ಕೆ ಅವನನ್ನು ಸದಸ್ಯನನ್ನಾಗಿ ಆರಿಸಲು ಕಾರಣನಾದನು. ಆದರೆ ಆ ಜ್ಯಾಮಿತಿಯ ಪರವಾಗಿ ಮುದ್ರಣದಲ್ಲಿ ಒಂದು ಮಾತನ್ನೂ ಆಡಲಿಲ್ಲ.

ಇಷ್ಟು ಅನಾದರದ ನಡುವೆಯೂ ಲೋಬಚೆವ್‌ಸ್ಕಿಯು ತನ್ನ ಕರ್ತವ್ಯದಲ್ಲಿ ಕುಂದಲಿಲ್ಲ. 1827ರಿಂದ 1846ರವರೆಗೆ ಅವನು ವಿಶ್ವವಿದ್ಯಾನಿಲಯದ ರೆಕ್ಟರ್, ಎಂದರೆ ಮುಖ್ಯಾಧಿಕಾರಿ, ಆಗಿದ್ದನು. ಅಸ್ತವ್ಯಸ್ತವಾಗಿದ್ದ ಪುಸ್ತಕ ಭಂಡಾರವನ್ನು ಅವನು ಕ್ರಮಕ್ಕೆ ತಂದನು. ಕಟ್ಟಡಗಳ ನಿರ್ಮಾಣವನ್ನು ನೋಡಿಕೊಳ್ಳುವುದಕ್ಕಾಗಿ ವಾಸ್ತುಶಿಲ್ಪವನ್ನು ಅಭ್ಯಾಸಮಾಡಿದನು. 1830ರಲ್ಲಿ ಕಜಾನಿಗೆ ಕಾಲರಾ ಮಾರಿ ಬಂದಾಗ, ಅಧ್ಯಾಪಕರ ಕುಟುಂಬಗಳನ್ನೂ ವಿದ್ಯಾರ್ಥಿಗಳನ್ನೂ ಆವರಣದೊಳಕ್ಕೆ ಕರೆಸಿಕೊಂಡು, ಹೊರಗಿನ ಸಂಪರ್ಕವನ್ನು ತಡೆದು, ಶುಚಿತ್ವದ ಕಟ್ಟುನಿಟ್ಟುಗಳನ್ನು ವಿಧಿಸಿದನು. ಇದರಿಂದ ಅನೇಕ ಪ್ರಾಣಗಳು ಉಳಿದುವು. 1842ರಲ್ಲಿ ಭಾರಿ ಬೆಂಕಿ ನಗರವನ್ನು ಸುಟ್ಟಾಗ ಗ್ರಂಥಗಳನ್ನೂ ಖಗೋಳ ಉಪಕರಣಗಳನ್ನೂ ರಕ್ಷಿಸಲು ಮುಂದಾದನು.

1846ರಲ್ಲಿ ಸರ್ಕಾರವು ಅವನನ್ನು ಪ್ರಾಧ್ಯಾಪಕ ಪದವಿಯಿಂದಲೂ ರೆಕ್ಟರ್ ಸ್ಥಾನದಿಂದಲೂ ತೆಗೆಯಿತು. ಹಿರಿಯ ಮಗನು ತರುಣ ವಯಸ್ಸಿನಲ್ಲಿಯೇ ತೀರಿಕೊಂಡನು. ಲೋಬಚೆವ್‌ಸ್ಕಿಯ ದೃಷ್ಟಿಯೂ ನಂದುತ್ತ ಬಂದಿತು. ಕುರುಡನಾದ ಅವನು 1855ರಲ್ಲಿ ತನ್ನ ಕೊನೆಯ ಗ್ರಂಥವಾದ ‘ಪಾನ್‌ಜಿಯೊಮೆಟ್ರಿ’ಯನ್ನು ಬಾಯಲ್ಲಿ ಹೇಳಿ ಬರೆಯಿಸಿದನು. 1856ರ ಫೆಬ್ರವರಿಯಲ್ಲಿ ನಿಧನಹೊಂದಿದನು. ಅವನ ಶೋಧನೆಯ ಬೆಲೆಯನ್ನು ಅರಿತವರು ಆಗ ಬೆರಳೆಣಿಕೆಯಷ್ಟೂ ಇರಲಿಲ್ಲ.

ಗೌಸನ ಪತ್ರಗಳು ಅವನ ಮರಣಾನಂತರ ಅಚ್ಚಾದ ಮೇಲೆಯೇ ಜಗತ್ತು ಈ ಕಡೆ ತಿರುಗಿ ನೋಡಿತು. 1868ರಲ್ಲಿ ಇಟಲಿಯ ಬೆಲ್ಟ್ರಾಮಿಯೂ 1871ರಲ್ಲಿ ಜರ್ಮನಿಯ ಕ್ಲೈನನೂ ಈ ಜ್ಯಾಮಿತಿಗೆ ಮಾದರಿಗಳನ್ನು ಒದಗಿಸಿದರು. ಕ್ಲೈನನ ಮಾದರಿಯನ್ನು ವಾಚಕರು ಕಾಗದದ ಮೇಲೆ ತಾವೇ ರಚಿಸಬಹುದು. ಒಂದು ವೃತ್ತವನ್ನೆಳೆದು, ಅದರ ಒಳಭಾಗವೇ ಸಮಸ್ತ ಜಗತ್ತೆಂದೂ, ವೃತ್ತದ ಜ್ಯಾಗಳೇ ಸರಳರೇಖೆಗಳೆಂದೂ ಭಾವಿಸಿರಿ. ಒಂದು ಜ್ಯಾವನ್ನೂ ಅದರ ಹೊರಗೆ ಒಂದು ಬಿಂದುವನ್ನೂ ಗುರುತುಮಾಡಿರಿ. ಆ ಬಿಂದುವಿನ ಮೂಲಕ, ಮೊದಲಿನ ಜ್ಯಾವನ್ನು ವೃತ್ತದೊಳಗೆ ಸಂಧಿಸದ ಜ್ಯಾಗಳನ್ನು ಬೇಕಾದಷ್ಟು ಎಳೆಯಬಹುದು. ದೂರವನ್ನು ಅಳೆಯುವ ನಿಯಮ ಇಲ್ಲಿ ಬೇರೆ. ಆ ನಿಯಮದಂತೆ ವೃತ್ತದ ಅಂಚು ಅನಂತ ದೂರದಲ್ಲಿದೆ. ಈ ಚಿತ್ರವು ಯೂಕ್ಲಿಡನ ಜ್ಯಾಮಿತಿಯೊಳಗೇ ರಚಿತವಾದುದರಿಂದ, ಲೋಬಚೆವ್‌ಸ್ಕಿಯಲ್ಲಿ ವಿರೋಧ ಕಂಡುಬಂದರೆ ಯೂಕ್ಲಿಡನಲ್ಲಿಯೂ ಕಂಡುಬರಲೇಬೇಕು. ಎರಡೂ ತರ್ಕದೃಷ್ಟಿಯಿಂದ ಸಮಾನವಾಗಿ ದೃಢವಾದುವು.

ಹಾಗಾದರೆ ನಾವು ವಾಸಿಸುವ ಜಗತ್ತಿಗೆ ಯಾವುದು ಸಲ್ಲುತ್ತದೆ? ಇದಕ್ಕೆ ಉತ್ತರ ಕೊಡಬೇಕಾದುದು ಅಳತೆಯೇ ಎಂದು ಲೋಬಚೆವ್‌ಸ್ಕಿಯು ಸ್ಪಷ್ಟವಾಗಿ ಕಂಡನು. ಭೂಮಿಯ ಕಕ್ಷೆಯನ್ನು ಪಾದವಾಗಿಯೂ ದೂರದ ನಕ್ಷತ್ರವನ್ನು ಶಿರೋಬಿಂದುವಾಗಿಯೂ ಉಳ್ಳ ಮಹಾತ್ರಿಭುಜಗಳನ್ನು ಪರೀಕ್ಷಿಸಿ, ಕೊರತೆಯೇನಾದರೂ ಇದ್ದರೆ ಅದು ಆ ಕಾಲದ ಉಪಕರಣಗಳಿಗೆ ಎಟುಕದಷ್ಟು ಅಲ್ಪವೆಂದು ತಿಳಿದನು. ಜ್ಯಾಮಿತಿಯನ್ನು ಹೀಗೆ ಪ್ರಯೋಗದ ಕಟ್ಟೆಗೆ ತಂದು ನಿಲ್ಲಿಸಿದುದೇ ಭೌತಶಾಸ್ತ್ರಕ್ಕೆ ಅವನಿತ್ತ ಕಾಣಿಕೆ. ಐನ್‌ಸ್ಟೈನನ 1905ರ ಸಾಪೇಕ್ಷತಾ ಸಿದ್ಧಾಂತದಲ್ಲಿ ವೇಗಗಳ ಸಂಯೋಜನೆಯು ಲೋಬಚೆವ್‌ಸ್ಕಿಯ ನಿಯಮಗಳನ್ನೇ ಅನುಸರಿಸುತ್ತದೆ. ಅಲ್ಲಿ ಕ್ಲೈನನ ವೃತ್ತದ ಅಂಚಿನ ಸ್ಥಾನದಲ್ಲಿರುವುದು ಬೆಳಕಿನ ವೇಗ. 1915ರ ಸಾರ್ವತ್ರಿಕ ಸಿದ್ಧಾಂತವು, ರೀಮಾನನ ಇನ್ನೂ ವ್ಯಾಪಕವಾದ ಜ್ಯಾಮಿತಿಯನ್ನು ಆಶ್ರಯಿಸಿ, ದ್ರವ್ಯವೇ ಸುತ್ತಲಿನ ಅವಕಾಶದ ಸ್ವರೂಪವನ್ನು ನಿರ್ಧರಿಸುವುದೆಂದು ತೋರಿಸಿತು.

ವಿಶ್ವವನ್ನು ಒಟ್ಟಾಗಿ ನೋಡಿದರೆ ಅದರ ಜ್ಯಾಮಿತಿಯು ಯೂಕ್ಲಿಡನದಕ್ಕೆ ಅತಿ ಸಮೀಪವಾಗಿದೆ ಎಂದು ಇಂದಿನ ಕೃತಕ ಉಪಗ್ರಹಗಳ ಅಳತೆಗಳು ಹೇಳುತ್ತವೆ. ಇದರಿಂದ ಲೋಬಚೆವ್‌ಸ್ಕಿಯು ಸೋತನೆಂದು ತಿಳಿಯಬಾರದು. ಅಳೆದು ನೋಡಬೇಕಾದ ವಿಷಯವಿದು ಎಂಬ ಅರಿವು ಅವನಿಗಿಂತ ಹಿಂದೆ ಬಹುಮಂದಿಗೆ ಇರಲಿಲ್ಲ. ಪಠ್ಯಪುಸ್ತಕದಲ್ಲಿ ‘ಸ್ವಯಂಸಿದ್ಧ’ವೆಂಬ ಪದವನ್ನು ಕಂಡಾಗ, ಅದು ಎಲ್ಲಿಂದ ಬಂದಿತೆಂದು ಒಂದು ಕ್ಷಣ ಯೋಚಿಸುವ ವಿದ್ಯಾರ್ಥಿಯು ಕಜಾನಿನ ಈ ಅಧ್ಯಾಪಕನ ಶಿಷ್ಯನೇ ಸರಿ.