ಮುಕ್ತ ತಂತ್ರಾಂಶ ಸಮುದಾಯಗಳಲ್ಲಿ ತೊಡಕಿನ ಸದಸ್ಯರ ನಿರ್ವಹಣೆ

ಬ್ಯಾಂಕುಗಳ ಸರ್ವರ್‌ಗಳಿಂದ ಹಿಡಿದು ಅಂಗಡಿಯ ಮೇಜಿನ ಮೇಲಿರುವ ಆಂಡ್ರಾಯ್ಡ್ ದೂರವಾಣಿಯವರೆಗೆ ಇಂದಿನ ವ್ಯವಹಾರವು ಬಹುಮಟ್ಟಿಗೆ ಮುಕ್ತ ತಂತ್ರಾಂಶಗಳನ್ನು ಅವಲಂಬಿಸಿದೆ. ಇವುಗಳನ್ನು ರೂಪಿಸುವವರು ನಾನಾ ದೇಶಗಳಲ್ಲಿ ಕುಳಿತು, ಅಂತರಜಾಲದ ಮೂಲಕವಷ್ಟೇ ಪರಿಚಿತರಾದ ಪ್ರೋಗ್ರಾಮರುಗಳು. ಕೆಲವರು ಕಂಪನಿಗಳ ಸಂಬಳದಲ್ಲಿದ್ದರೆ ಉಳಿದವರು ಬಿಡುವಿನ ವೇಳೆಯಲ್ಲಿ ದುಡಿಯುತ್ತಾರೆ. ಇಲ್ಲಿ ಮಾಲೀಕನಿಲ್ಲ, ನೇಮಕಾತಿ ಆದೇಶವಿಲ್ಲ. ಆದ್ದರಿಂದ ಕಾರಣ ಕೇಳುವ ನೋಟಿಸೂ ಇಲ್ಲ. ಹೀಗಿರುವಾಗ ಕಲಹಪ್ರಿಯ ಸದಸ್ಯನನ್ನು ಹದ್ದುಬಸ್ತಿನಲ್ಲಿಡುವವರು ಯಾರು ಎಂಬ ಪ್ರಶ್ನೆಯು ಆ ತಂತ್ರಾಂಶವನ್ನು ನಂಬಿದ ಉದ್ದಿಮೆಗಳಿಗೂ ಸಂಬಂಧಿಸಿದ್ದಾಗಿದೆ.

ಸಬ್‌ವರ್ಶನ್ ತಂತ್ರಾಂಶದ ನಿರ್ಮಾತೃಗಳಲ್ಲಿ ಇಬ್ಬರಾದ ಬ್ರಯಾನ್ ಫಿಟ್ಜ್‌ಪ್ಯಾಟ್ರಿಕ್ ಮತ್ತು ಬೆನ್ ಕಾಲಿನ್ಸ್-ಸಸ್‌ಮನ್ 2007ರಲ್ಲಿ ಈ ವಿಷಯವಾಗಿ ನೀಡಿದ ಉಪನ್ಯಾಸ ಇಂದಿಗೂ ಪ್ರಸ್ತುತವಾಗಿದೆ. ಸಮುದಾಯದ ನಿಜವಾದ ಬಂಡವಾಳ ಸದಸ್ಯರ ಗಮನ ಮತ್ತು ಏಕಾಗ್ರತೆ ಎಂಬುದು ಅವರ ಪ್ರತಿಪಾದನೆ. ಈ ದೃಷ್ಟಿಯಿಂದ ನೋಡಿದರೆ ಬೈಯುವವನೊಬ್ಬನೇ ತೊಡಕಿನ ಸದಸ್ಯನಲ್ಲ. ಇತ್ಯರ್ಥವಾದ ವಿಷಯವನ್ನು ಸೌಜನ್ಯದ ಮಾತಿನಲ್ಲೇ ಮತ್ತೆ ಮತ್ತೆ ಕೆದಕುವವನು ಸಹ ಹತ್ತು ಮಂದಿಯ ದಿನದ ದುಡಿಮೆಯನ್ನು ನುಂಗಿಹಾಕಬಲ್ಲನು. ಒರಟು ಮಾತು ಎಲ್ಲರಿಗೂ ಕೇಳಿಸುತ್ತದೆ; ಈ ನಷ್ಟ ಮಾತ್ರ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಅತಿ ಕಠಿಣವಾದ ಪ್ರಸಂಗವೆಂದರೆ ಸದಸ್ಯನು ತೊಡಕಿನವನೂ ಹೌದು, ಪ್ರತಿಭಾವಂತನೂ ಹೌದು ಎಂಬಂಥದು. 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನಲ್ ಯೋಜನೆಯಲ್ಲಿ ಆ ಸದಸ್ಯರು ಸ್ವತಃ ಸ್ಥಾಪಕರೇ ಆಗಿದ್ದರು! ಕಳಪೆ ಎನಿಸಿದ ಕೋಡ್ ಕಳುಹಿಸಿದವರನ್ನು ಎಲ್ಲರೆದುರಿಗೆ ಕಟುವಾಗಿ ನಿಂದಿಸುವುದು ಅವರ ವಾಡಿಕೆಯಾಗಿತ್ತು. ಗುಣಮಟ್ಟ ಕಾಯಲು ಅದು ಅನಿವಾರ್ಯವೆಂದು ಸಮರ್ಥಿಸಿದವರಿಗೂ ಕೊರತೆ ಇರಲಿಲ್ಲ. ಯುಎಸ್‌ಬಿ 3.0 ಚಾಲಕ ತಂತ್ರಾಂಶವನ್ನು ಬರೆದ ಇಂಟೆಲ್ ಸಂಸ್ಥೆಯ ಪರಿಣತರೊಬ್ಬರು 2013ರಲ್ಲಿ ಇದನ್ನು ಬಹಿರಂಗವಾಗಿ ಪ್ರತಿಭಟಿಸಿದರು. ತಾವು ಕರ್ನಲ್ ಕೆಲಸವನ್ನು ತೊರೆದುದಕ್ಕೆ ಇಂತಹ ವಾತಾವರಣವೇ ಕಾರಣವೆಂದು 2015ರಲ್ಲಿ ಅವರು ಪ್ರಕಟಿಸಿದರು. ಸದ್ದಿಲ್ಲದೆ ಹೊರನಡೆದವರು ಎಷ್ಟು ಮಂದಿಯೋ ಬಲ್ಲವರಿಲ್ಲ. ಕೊನೆಗೆ 2018ರ ಸೆಪ್ಟೆಂಬರ್ 16ರಂದು ಟೋರ್ವಾಲ್ಡ್ಸ್ ತಮ್ಮ ವರ್ತನೆಗಾಗಿ ಕ್ಷಮೆ ಕೋರಿ ಕೆಲಕಾಲ ಬಿಡುವು ಪಡೆದರು. ಅದೇ ವೇಳೆಗೆ ಯೋಜನೆಯು ಲಿಖಿತ ನಡವಳಿಕೆ ಸಂಹಿತೆಯನ್ನು ಅಂಗೀಕರಿಸಿತು. ಕೋಡ್‌ನ ಗುಣಮಟ್ಟ ಕುಸಿಯುವುದೆಂದು ಆಗ ವ್ಯಕ್ತವಾಗಿದ್ದ ಭೀತಿ ನಿಜವಾಗಲಿಲ್ಲ. ಅಕ್ಟೋಬರ್‌ನಲ್ಲಿ ಅವರು ಮರಳಿದರು, ಕರ್ನಲ್ಲಿನ ಹೊಸ ಆವೃತ್ತಿಗಳು ಎಂದಿನಂತೆ ಹೊರಬರುತ್ತಲೇ ಇವೆ.

ಸಂಹಿತೆ ಕೇವಲ ಕಾಗದದ ಮೇಲೆ ಉಳಿಯಲಿಲ್ಲ ಎಂಬುದಕ್ಕೆ ಬಿಕ್ಯಾಶ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯ ಪ್ರಸಂಗವು ನಿದರ್ಶನ. ಅದರ ಮುಖ್ಯ ನಿರ್ಮಾತೃವು ಸಹಸದಸ್ಯರೊಬ್ಬರಿಗೆ ಬರೆದ ನಿಂದನೆಯ ಕಾರಣ, 6.13ನೇ ಆವೃತ್ತಿಯ ಅವಧಿಯಲ್ಲಿ ಅವರ ಬದಲಾವಣೆಗಳನ್ನು ಸ್ವೀಕರಿಸಬಾರದೆಂದು 2024ರ ನವೆಂಬರ್‌ನಲ್ಲಿ ತೀರ್ಮಾನವಾಯಿತು. ಆ ಬಳಿಕ, ದೋಷ ತಿದ್ದುವ ಅವಧಿಯಲ್ಲಿ ಹೊಸ ಸೌಲಭ್ಯಗಳನ್ನು ಸೇರಿಸುವ ಬಗ್ಗೆಯೂ ಜಗಳ ಮುಂದುವರಿದು, 2025ರಲ್ಲಿ 6.18ನೇ ಆವೃತ್ತಿಯಿಂದ ಆ ಕೋಡನ್ನೇ ತೆಗೆದುಹಾಕಲಾಯಿತು. ಅದರಲ್ಲಿ ದತ್ತಾಂಶ ಇಟ್ಟಿದ್ದ ಬಳಕೆದಾರರು ಅದನ್ನು ಪ್ರತ್ಯೇಕವಾಗಿ ಪಡೆದು ಅಳವಡಿಸಿಕೊಳ್ಳಬೇಕಾಯಿತು. ಜಗಳದಲ್ಲಿ ಪಾಲಿಲ್ಲದವರು ಅದರ ಖರ್ಚನ್ನು ಹೊತ್ತರು.

ಅನುಭವಿ ಸಮುದಾಯಗಳು ಅನುಸರಿಸುವ ಕ್ರಮವು ಕಾರ್ಖಾನೆಯ ಶಿಸ್ತು ನಿಯಮಗಳನ್ನು ಬಲ್ಲವರಿಗೆ ಅಪರಿಚಿತವೇನಲ್ಲ. ಮೊದಲು ಖಾಸಗಿಯಾಗಿ ಬರೆದು, ಯಾವ ಮಾತು ತಪ್ಪೆಂಬುದನ್ನು ನಿರ್ದಿಷ್ಟವಾಗಿ ತೋರಿಸಲಾಗುತ್ತದೆ. ತಿದ್ದಿಕೊಳ್ಳದಿದ್ದಲ್ಲಿ ಎಚ್ಚರಿಕೆ, ತರುವಾಯ ತಾತ್ಕಾಲಿಕ ನಿರ್ಬಂಧ, ಕಟ್ಟಕಡೆಗೆ ಹೊರಹಾಕುವಿಕೆ. 2014ರಲ್ಲಿ ರಚಿತವಾಗಿ ಲಿನಕ್ಸ್ ಸಂಹಿತೆಗೂ ಆಧಾರವಾದ ‘ಕಾಂಟ್ರಿಬ್ಯೂಟರ್ ಕವೆನೆಂಟ್’ ತನ್ನ ಎರಡನೆಯ ಆವೃತ್ತಿಯಲ್ಲಿ ಈ ನಾಲ್ಕು ಮೆಟ್ಟಿಲುಗಳನ್ನೇ ವಿವರಿಸಿದೆ. ವ್ಯಕ್ತಿಯನ್ನು ಬಿಟ್ಟು ವರ್ತನೆಯನ್ನು ಕುರಿತು ಮಾತನಾಡುವುದು, ದೂರು ಕೊಟ್ಟವರ ಹೆಸರನ್ನು ಗೋಪ್ಯವಾಗಿಡುವುದು, ಆರೋಪಿಯು ಆಪ್ತನಾಗಿದ್ದಲ್ಲಿ ನಿರ್ಣಯದಿಂದ ದೂರ ಸರಿಯುವುದು ಮಧ್ಯಸ್ಥರಿಂದ ನಿರೀಕ್ಷಿತವಾಗಿದೆ. ಇವುಗಳಲ್ಲಿ ಕೊನೆಯದೇ ಪಾಲನೆಗೆ ಅತಿ ಕಷ್ಟವಾದುದು, ಏಕೆಂದರೆ ಹತ್ತಾರು ವರ್ಷ ಜೊತೆಗೆ ದುಡಿದವರೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಆಪ್ತರೇ ಆಗಿರುತ್ತಾರೆ.

ಮಧ್ಯಸ್ಥರ ಅಧಿಕಾರಕ್ಕೂ ಮಿತಿ ಬೇಕು. 2024ರ ಆಗಸ್ಟ್‌ನಲ್ಲಿ ಪೈಥಾನ್ ಸಮುದಾಯವು ತನ್ನ ಅತಿ ಹಿರಿಯ ಅಭಿವೃದ್ಧಿಕಾರರೊಬ್ಬರನ್ನು 3 ತಿಂಗಳು ಅಮಾನತಿನಲ್ಲಿಟ್ಟಾಗ, ಶಿಕ್ಷೆ ಅತಿಯಾಯಿತೆಂಬ ಟೀಕೆ ಸಮುದಾಯದೊಳಗಿನಿಂದಲೇ ಕೇಳಿಬಂತು. ಇದಕ್ಕೆ ತದ್ವಿರುದ್ಧವಾದುದು ರಸ್ಟ್ ಭಾಷೆಯ ಪ್ರಕರಣ. ಯೋಜನೆಯ ಕೇಂದ್ರ ತಂಡವು ಯಾರಿಗೂ ಉತ್ತರದಾಯಿಯಾಗಿಲ್ಲ, ಅದರ ಮೇಲೆ ಸಂಹಿತೆಯನ್ನು ಜಾರಿಗೊಳಿಸಲು ಸಾಧ್ಯವಿಲ್ಲ ಎಂದು ದೂರಿ 2021ರ ನವೆಂಬರ್‌ನಲ್ಲಿ ಮಧ್ಯಸ್ಥರ ತಂಡವೇ ಸಾಮೂಹಿಕವಾಗಿ ರಾಜೀನಾಮೆ ನೀಡಿತು. 2023ರಲ್ಲಿ ಹೊಸ ನಾಯಕತ್ವ ಮಂಡಳಿ ಆ ತಂಡದ ಸ್ಥಾನಕ್ಕೆ ಬಂತು.

ಮಧ್ಯಸ್ಥರೇ ಇಲ್ಲದ ಸಣ್ಣ ಯೋಜನೆಗಳ ಪಾಡು ಇನ್ನೂ ಚಿಂತಾಜನಕ. ಕಡತಗಳನ್ನು ಸಂಕೋಚಿಸುವ ಎಕ್ಸ್‌ಝಡ್ ಯುಟಿಲ್ಸ್ ತಂತ್ರಾಂಶವನ್ನು ಒಬ್ಬರೇ ವ್ಯಕ್ತಿ ಸಂಭಾವನೆಯಿಲ್ಲದೆ ನಿರ್ವಹಿಸುತ್ತಿದ್ದರು. 2022ರಲ್ಲಿ ಕೆಲವು ಅಪರಿಚಿತರು, ಕೆಲಸ ನಿಧಾನವಾಗಿದೆ, ಬೇರೆಯವರಿಗೆ ಹೊಣೆ ವಹಿಸಿ ಎಂದು ಅವರನ್ನು ಪದೇಪದೇ ಚುಚ್ಚತೊಡಗಿದರು. ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲವೆಂದು ಅವರು ಹೇಳಿಕೊಂಡರೂ ಒತ್ತಡ ನಿಲ್ಲಲಿಲ್ಲ. ಅವರ ಪರವಾಗಿ ನಿಂತು, ಸಾಕು ಎಂದು ಗದರಿಸಬಲ್ಲ ಅಧಿಕಾರವುಳ್ಳವರು ಯಾರೂ ಅಲ್ಲಿರಲಿಲ್ಲ. ಕ್ರಮೇಣ ‘ಜಿಯಾ ಟಾನ್’ ಎಂಬ ಹೆಸರಿನ ಸಹಾಯಕ ಸದಸ್ಯನಿಗೆ ಅಧಿಕಾರ ಹಸ್ತಾಂತರವಾಯಿತು. 2024ರಲ್ಲಿ ಆತ ಅದರೊಳಗೆ ಕಳ್ಳದಾರಿಯೊಂದನ್ನು ಸೇರಿಸಿದ. ಸರ್ವರ್‌ಗೆ ಪ್ರವೇಶಿಸಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ತಗಲುತ್ತಿದ್ದುದನ್ನು ಮೈಕ್ರೋಸಾಫ್ಟ್‌ನ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಗಮನಿಸಿ, ಮಾರ್ಚ್ 29ರಂದು ವಿಷಯವನ್ನು ಬಯಲಿಗೆಳೆದರು. ಒತ್ತಡ ಹೇರಿದ ಹೆಸರುಗಳೂ ಅದೇ ಸಂಚಿನ ಭಾಗವೆಂದು ವ್ಯಾಪಕವಾಗಿ ನಂಬಲಾಗಿದೆ.

‘ಲಿನಕ್ಸ್ ಬೆಂಗಳೂರು’ ಸಮ್ಮೇಳನ 2001ರಲ್ಲಿ ಆರಂಭವಾದ ನಗರದ ಉದ್ದಿಮೆಗಳಿಗೆ ಈ ಸಮುದಾಯಗಳು ದೂರದವೇನಲ್ಲ. ಇಲ್ಲಿಯ ಎಂಜಿನಿಯರುಗಳು ಅವುಗಳಿಗೆ ಬರೆಯುವಾಗ ಎಷ್ಟೋ ಸಲ ಕಂಪನಿಯ ಇ-ಮೇಲ್ ವಿಳಾಸವನ್ನೇ ಬಳಸುತ್ತಾರೆ. ಅಲ್ಲಿ ಆಡಿದ ಕಟು ಮಾತು ವರ್ಷಗಟ್ಟಲೆ ಕಂಪನಿಯ ಹೆಸರಿನೊಂದಿಗೆ ಉಳಿಯುತ್ತದೆ. ಯಾವುದೇ ಮುಕ್ತ ತಂತ್ರಾಂಶವನ್ನು ಆಯ್ಕೆ ಮಾಡುವ ಮುನ್ನ ಅದರ ವೇಗ, ಪರವಾನಗಿಗಳ ಜೊತೆಗೆ ಇನ್ನಷ್ಟು ಸಂಗತಿಗಳನ್ನು ವಿಚಾರಿಸುವುದು ಒಳಿತು: ನಿರ್ವಾಹಕರು ಎಷ್ಟು ಮಂದಿ, ಲಿಖಿತ ಸಂಹಿತೆ ಇದೆಯೇ, ಅದು ಹಿಂದೆ ಎಂದಾದರೂ ಜಾರಿಯಾದ ದಾಖಲೆ ಇದೆಯೇ. ಇವುಗಳಿಗೆ ಉತ್ತರ ಸಾಮಾನ್ಯವಾಗಿ ಯೋಜನೆಯ ಸಾರ್ವಜನಿಕ ದಾಖಲೆಗಳಲ್ಲೇ ದೊರೆಯುತ್ತದೆ, ಹುಡುಕಲು ಒಂದು ಮಧ್ಯಾಹ್ನ ಸಾಕು.