ಮಕ್ಕಳ ಬೆನ್ನೆಲುಬಿನ ವಕ್ರತೆ

ಬೆನ್ನು ಬಾಗಿದವರನ್ನು ಕಂಡರೆ ನಗುವುದು, ಇಲ್ಲವೆ ಅವರ ಬುದ್ಧಿಯೂ ವಕ್ರವೆಂದು ಊಹಿಸುವುದು, ನಮ್ಮ ಜನರಲ್ಲಿ ಬಹುಕಾಲದಿಂದ ನಡೆದುಬಂದಿರುವ ದುರಭ್ಯಾಸ. ಮಂಥರೆಯನ್ನು ಗೂನಿಯೆಂದೇ ಕರೆದು, ಆಕೆಯ ದೇಹದ ಕೊಂಕಿಗೂ ಮನಸ್ಸಿನ ಕೊಂಕಿಗೂ ನಂಟು ಕಟ್ಟಿದ್ದೇವೆ. ಜನಕನ ಆಸ್ಥಾನದಲ್ಲಿ ವಾದ ಗೆದ್ದ ಅಷ್ಟಾವಕ್ರನ ಕಥೆ ಮಾತ್ರ ಆ ಹೊತ್ತಿಗೆ ನೆನಪಾಗುವುದಿಲ್ಲ. ಈ ಪರಿಹಾಸ್ಯಕ್ಕೆ ಅಂಜಿ, ಮಗುವಿನ ಬೆನ್ನು ಸೊಟ್ಟಗಾಗುತ್ತಿರುವುದು ಕಣ್ಣಿಗೆ ಬಿದ್ದರೂ ತಾಯಿತಂದೆಗಳು ಅದನ್ನು ಮರೆಮಾಚುವುದುಂಟು. ಹೆಣ್ಣುಮಗುವಾದರೆ ಮದುವೆಯ ಚಿಂತೆಯೂ ಜೊತೆಗೂಡುತ್ತದೆ. ಹಾಗೆ ಮರೆಮಾಚಿ ಕಳೆದ ಎರಡು ಮೂರು ವರ್ಷಗಳೇ ಚಿಕಿತ್ಸೆಗೆ ಸಲ್ಲಬೇಕಾದ ವರ್ಷಗಳೆಂಬುದನ್ನು ವಾಚಕರ ಗಮನಕ್ಕೆ ತರಬಯಸುತ್ತೇವೆ.

ಆರೋಗ್ಯವಂತನ ಬೆನ್ನೆಲುಬನ್ನು ಪಕ್ಕದಿಂದ ನೋಡಿದರೆ ಕುತ್ತಿಗೆ ಸೊಂಟಗಳಲ್ಲಿ ಮುಂದಕ್ಕೂ ಎದೆಯ ಭಾಗದಲ್ಲಿ ಹಿಂದಕ್ಕೂ ಬಾಗಿರುತ್ತದೆ. ಹಿಂದಿನಿಂದ ನೋಡಿದರೆ ನೆಟ್ಟಗಿರುತ್ತದೆ. ಹಿಂದಿನಿಂದ ನೋಡಿದಾಗಲೂ ಅದು ಪಕ್ಕಕ್ಕೆ ಡೊಂಕಾಗಿ, ಕ್ಷಕಿರಣದ ಚಿತ್ರದಲ್ಲಿ ಆ ಡೊಂಕು 10 ಅಂಶಗಳನ್ನು ಮುಟ್ಟಿದರೆ ವೈದ್ಯರು ಸ್ಕೋಲಿಯೋಸಿಸ್ ಎನ್ನುವರು. ಈ ಕೋನವನ್ನು ಅಳೆಯುವ ಕ್ರಮವನ್ನು 1948ರಲ್ಲಿ ಅಮೆರಿಕದ ಜಾನ್ ಕಾಬ್ ವಿವರಿಸಿದನು. ಪ್ರಾಯಕ್ಕೆ ಬರುವ ನೂರು ಮಕ್ಕಳಲ್ಲಿ ಇಬ್ಬರು ಮೂವರಿಗೆ ಇಂಥ ವಕ್ರತೆ ಇರುವುದುಂಟು, ಬಹುಪಾಲು ಅಲ್ಪವಾದದ್ದು. ಹೆಚ್ಚುತ್ತ ಹೋಗುವ ಭಯ ಹುಡುಗಿಯರಲ್ಲಿ ಅಧಿಕ. ಕಾರಣವಾದರೋ ಹತ್ತರಲ್ಲಿ ಎಂಟು ಮಕ್ಕಳಲ್ಲಿ ತಿಳಿಯದು. ವಂಶದ ಪಾಲು ಇರುವುದು ನಿಶ್ಚಯ. ಪುಸ್ತಕದ ಚೀಲವಾಗಲಿ ಕೂರುವ ಭಂಗಿಯಾಗಲಿ ಇದನ್ನು ಉಂಟುಮಾಡುವುದಿಲ್ಲ. 'ನೆಟ್ಟಗೆ ಕೂತುಕೋ' ಎಂದು ದಿನಕ್ಕೆ ಹತ್ತು ಸಲ ಗದರಿಸುವ ಹಿರಿಯರು ಇದನ್ನು ಮನಸ್ಸಿನಲ್ಲಿಟ್ಟರೆ ಮಗುವಿಗೆ ಅಷ್ಟಾದರೂ ನೆಮ್ಮದಿ.

ಇದನ್ನು ಕಂಡುಹಿಡಿಯಲು ದೊಡ್ಡ ಯಂತ್ರ ಬೇಕಿಲ್ಲ. ಮಗು ಪಾದಗಳನ್ನು ಜೋಡಿಸಿ, ಮೊಣಕಾಲು ಮಡಿಸದೆ, ಕೈಗಳನ್ನು ಕೂಡಿಸಿ ಮುಂದಕ್ಕೆ ಬಾಗಲಿ. ನೋಡುವವರು ಹಿಂದೆ ನಿಲ್ಲಲಿ. ಬೆನ್ನೆಲುಬು ಡೊಂಕಾಗುವುದರ ಜೊತೆಗೆ ತಿರುಚಿಕೊಳ್ಳುವುದರಿಂದ ಪಕ್ಕೆಲುಬುಗಳೂ ತಿರುಗಿ, ಬೆನ್ನಿನ ಒಂದು ಪಾರ್ಶ್ವ ದಿಬ್ಬದಂತೆ ಎದ್ದು ಕಾಣುತ್ತದೆ. ಲಂಡನ್ನಿನ ವಿಲಿಯಂ ಆಡಮ್ಸ್ 1865ರಲ್ಲಿ ತಿಳಿಸಿದ ಈ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಒಂದು ಹೆಗಲು ಎತ್ತರವಾಗಿರುವುದು, ಲಂಗದ ಅಂಚು ಒಂದು ಕಡೆ ಜೋಲುವುದು, ಇವೂ ಸೂಚನೆಗಳೇ. ನೋವು ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಮಗು ತಾನಾಗಿ ಹೇಳೀತೆಂದು ಕಾಯುವುದು ವ್ಯರ್ಥ.

ಚಿಕಿತ್ಸೆ ಡೊಂಕಿನ ಪ್ರಮಾಣವನ್ನೂ ಉಳಿದಿರುವ ಬೆಳವಣಿಗೆಯನ್ನೂ ಅವಲಂಬಿಸಿದೆ. 25 ಅಂಶಗಳ ಒಳಗಿದ್ದರೆ ಕೆಲವು ತಿಂಗಳಿಗೊಮ್ಮೆ ನೋಡುತ್ತಿದ್ದರೆ ಸಾಕು. ಅದನ್ನು ಮೀರಿ ಸುಮಾರು 45ರ ಒಳಗಿದ್ದು ಮಗು ಇನ್ನೂ ಬೆಳೆಯುತ್ತಿದ್ದರೆ, ಬ್ರೇಸ್ ಎಂಬ ಗಟ್ಟಿಯಾದ ಕವಚವನ್ನು ಮೈಗೆ ತೊಡಿಸುವರು. ಅಮೆರಿಕ ಕೆನಡಾಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕವಚ ತೊಟ್ಟವರಲ್ಲಿ ನೂರಕ್ಕೆ 72 ಮಂದಿಯ ವಕ್ರತೆ ಬೆಳವಣಿಗೆ ಮುಗಿಯುವವರೆಗೂ 50 ಅಂಶಗಳನ್ನು ಮುಟ್ಟಲಿಲ್ಲ. ತೊಡದವರಲ್ಲಿ ಆ ಸಂಖ್ಯೆ 48. ದಿನಕ್ಕೆ ಹೆಚ್ಚು ಗಂಟೆ ತೊಟ್ಟಷ್ಟೂ ಫಲ ಹೆಚ್ಚು. ನಮ್ಮ ಸೆಕೆಯಲ್ಲಿ ಇದು ಸುಲಭದ ಮಾತಲ್ಲವೆಂಬುದನ್ನು ಒಪ್ಪುತ್ತೇವೆ. ಬೆಳವಣಿಗೆ ನಿಂತ ಮೇಲೆ ತೊಡಿಸಿದರೆ ಈ ಪ್ರಯೋಜನವಿಲ್ಲ. 50ನ್ನು ದಾಟಿದ ಡೊಂಕು ಪ್ರಾಯ ತುಂಬಿದ ಮೇಲೂ ಮೆಲ್ಲನೆ ಹೆಚ್ಚಬಹುದು. ತೀರ ಹೆಚ್ಚಾದರೆ ಶ್ವಾಸಕೋಶಗಳಿಗೆ ಎಡೆ ಸಾಲದಾಗುವುದು. ಆಗ ಉಳಿಯುವುದು ಶಸ್ತ್ರಚಿಕಿತ್ಸೆ: ಲೋಹದ ಸರಳು ತಿರುಪುಗಳಿಂದ ನೆಟ್ಟಗೆ ಮಾಡಿ ಮಣಿಗಳನ್ನು ಬೆಸೆಯುವುದು. ಬೆಸೆದ ಭಾಗ ಮತ್ತೆ ಬಾಗದು. ಎಣ್ಣೆ ತಿಕ್ಕಿ ನೀವುವುದರಿಂದ ಇಂಥ ಬೆನ್ನು ನೇರವಾಗುವುದಿಲ್ಲ.

ಇದಕ್ಕಿಂತ ಅವಸರದ ಸಂಗತಿ ಇನ್ನೊಂದಿದೆ. ಬೆನ್ನಿನ ನಡುವೆ ಮೊನಚಾದ ಗೂನು ಎದ್ದು, ನೋವು, ಸಂಜೆಯ ಜ್ವರ, ಮೈ ಇಳಿಯುವಿಕೆ ಇವು ಕೂಡಿಕೊಂಡರೆ ಅದು ಬೆನ್ನೆಲುಬಿನ ಕ್ಷಯವಾಗಿರಬಹುದು. 1779ರಲ್ಲಿ ಪರ್ಸಿವಲ್ ಪಾಟ್ ವರ್ಣಿಸಿದ ಈ ರೋಗವನ್ನು ಅಲಕ್ಷ್ಯ ಮಾಡಿದರೆ ಕಾಲುಗಳು ಸ್ವಾಧೀನ ತಪ್ಪಬಹುದು. ಇದಕ್ಕೆ ಈಗ ಔಷಧವುಂಟು. ಸರ್ಕಾರ ಅದನ್ನು ಉಚಿತವಾಗಿ ಕೊಡುತ್ತದೆ. ಬಹುಮಂದಿಗೆ ಔಷಧವೇ ಸಾಕು, ಆಯ್ದ ಕೆಲವರಿಗೆ ಮಾತ್ರ ಶಸ್ತ್ರಚಿಕಿತ್ಸೆ ಎಂಬ ಮಧ್ಯಮಮಾರ್ಗವನ್ನು 1975ರಲ್ಲಿ ಪ್ರಕಟಿಸಿದವರು ಕಾಶಿಯ ವೈದ್ಯ ತುಲಿ ಅವರು.

ಶಾಲೆಗಳಲ್ಲಿ ಎಲ್ಲ ಮಕ್ಕಳ ಬೆನ್ನನ್ನೂ ಪರೀಕ್ಷಿಸಬೇಕೇ ಎಂಬಲ್ಲಿ ವೈದ್ಯರಲ್ಲಿಯೇ ಭಿನ್ನಾಭಿಪ್ರಾಯವಿದೆ. ಲಾಭನಷ್ಟಗಳನ್ನು ತೂಗಲು ಆಧಾರ ಸಾಲದೆಂದು ಅಮೆರಿಕದ ತಜ್ಞರ ಸಮಿತಿಯೊಂದು 2018ರಲ್ಲಿ ತೀರ್ಮಾನಿಸಿತು. ಅಲ್ಪ ಡೊಂಕಿನ ಮಕ್ಕಳನ್ನು ಸುಮ್ಮನೆ ಆಸ್ಪತ್ರೆಗೆ ಅಲೆದಾಡಿಸುವುದು ಸರಿಯಲ್ಲವೆಂಬುದು ನ್ಯಾಯವಾದ ಮಾತೇ. ಆದರೆ ಮಗುವನ್ನು ಕ್ರಮವಾಗಿ ನೋಡುವ ವೈದ್ಯನೇ ಇಲ್ಲದ ಊರುಗಳಿಗೆ ಆ ತೂಕ ಹಾಗೆಯೇ ಒಪ್ಪುವುದೆಂದು ನಮಗೆ ತೋರದು. ಕಣ್ಣು ಹಲ್ಲುಗಳನ್ನು ನೋಡುವ ದಿನವೇ, ಹತ್ತರಿಂದ ಹದಿನಾಲ್ಕು ವರ್ಷದವರ ಬೆನ್ನನ್ನೂ ನೋಡಿದರೆ ಒಬ್ಬೊಬ್ಬರಿಗೆ ಅರ್ಧ ನಿಮಿಷ ಹಿಡಿದೀತು. ಹುಡುಗಿಯರನ್ನು ಉಪಾಧ್ಯಾಯಿನಿಯರೇ ಪ್ರತ್ಯೇಕವಾಗಿ ನೋಡಲಿ. ಸಂಶಯ ಬಂದರೆ ತರಗತಿಯಲ್ಲಿ ಹೆಸರು ಹಿಡಿದು ಕೂಗದೆ, ತಾಯಿತಂದೆಗಳಿಗೆ ಮುಚ್ಚಿದ ಲಕೋಟೆಯಲ್ಲಿ ಚೀಟಿ ಕಳುಹಿಸಲಿ.